ಗೇಜಿಲ್ಲದ ರೀಡಿಂಗು

ಖಸಬಿನ ಐಸ್ ಫ್ಯಾಕ್ಟರಿಯ ಲಾಗ್ ಬುಕ್ಕಿನಲ್ಲಿ
ನನಗಿಂತ ಮೊದಲಿದ್ದ ಆಪರೇಟರು, ಕಾರವಾರದ ಶಾಂತಾರಾಮ ತಾಂಡೇಲ,
ಒಂದು ಕಾಲಮ್ಮು ಹೆಚ್ಚಿಗೆ ಎಳೆದುಬಿಟ್ಟಿದ್ದ.
ಸಕ್ಷನ್, ಡಿಸ್ಚಾರ್ಜ್, ಉಪ್ಪುನೀರಿನ ಚಳಿ,
ಆಮೇಲೆ ಬರೀ ‘ಪಾ’.
೨.೧. ೨.೧. ೨.೨. ಮತ್ತೆ ೨.೧.
ಒಂದು ರಾತ್ರಿ ಇದ್ದಕ್ಕಿದ್ದಂತೆ ೩.೪.

ಯಾವ ಪೈಪಿನದೋ ಒತ್ತಡವೆಂದು
ಟಾರ್ಚು ಹಿಡಿದು ವಾರವಿಡೀ ಹುಡುಕಿದೆ.
ಅಮೋನಿಯಾ ಕಣ್ಣಿಗೆ ಹೊಡೆಯಿತು.
ಹಾಗೆ ಓದುವ ಗೇಜು ಈ ಶೆಡ್ಡಿನಲ್ಲೇ ಇಲ್ಲ.

ಹೇಳಿದ್ದು ಹುಮೈದ್, ಮಂಜುಗಡ್ಡೆ ಒಯ್ಯಲು ಬರುವ ಮುದುಕ:
“ಆ ನಿನ್ನ ದೇಶದವನಾ? ಅಗೋ, ಆ ಗೋಡೆಗೊರಗಿ
ಕತ್ತು ಹಿಂದಕ್ಕೆ ಮುರಿದು ನಿಲ್ಲುತ್ತಿದ್ದ.
ಬೇಡವೋ, ಅದು ರಾಸ್ ಅಲ್ ಗೂಲ್, ಪಿಶಾಚಿಯ ತಲೆ,
ನೋಡಿದವರ ದೋಣಿ ತೂತಾಗುತ್ತದೆ ಅಂದೆ.
ನನಗೆ ದೋಣಿಯೇ ಇಲ್ಲವಲ್ಲ ಅಂದ.”

ತಾಂಡೇಲ ಅಂದರೆ ದೋಣಿ ನಡೆಸುವವನು ಎಂದು
ಹುಮೈದನಿಗೆ ನಾನು ಹೇಳಲಿಲ್ಲ.

ರಟ್ಟಿನ ಒಳಬದಿಗೆ ಪೆನ್ಸಿಲ್ಲಿನ ಚುಕ್ಕಿಗಳು: ಪಾರ್ಥ.
ಒಂದು ಚುಕ್ಕಿಗೆ ಮಾತ್ರ ಸುತ್ತು. ಉಳಿದವಕ್ಕೆ
ಮೀನಿನ ರಾಶಿಗೆ ಬರೆದಂತೆ ದರ.
ಕೆಳಗೆ ಒಂದೇ ಸಾಲು: ೨ ದಿನ ೨೦ ತಾಸು ೪೯ ಮಿನಿಟು.
ಇದಕ್ಕೆ ಮುಳ್ಳಿಲ್ಲ, ಗಾಜಿಲ್ಲ,
ಅಕ್ಕಪಕ್ಕದವರನ್ನು ಕೇಳಿಯೇ ತಿಳಿಯಬೇಕು.
ಅವನಿಗಿಂತ ಮಂಕು, ಇವಳಿಗಿಂತ ಚೂರು ಮೇಲು,
ನಮ್ಮ ರೂಮಿನಲ್ಲಿ ಪಗಾರದ ಲೆಕ್ಕ ಹಾಕುವ ಹಾಗೆ.
ಮತ್ತೆ ಇಲ್ಲಿ ಅಂಕೆ ಏರಿದರೆ ಬೆಳಕು ಇಳಿಯಿತು.
ಅದು ತಲೆಗೆ ಹತ್ತಲು ನನಗೆ ಎರಡು ತಿಂಗಳು.

ಅವನ ಕೊನೆಯ ದಾಖಲೆ: ನವೆಂಬರ್ ೧೪, ರಾತ್ರಿ ೧೧.೪೦.
‘೨.೮. ಇಳಿಯುತ್ತಿದೆ.’
ಅಷ್ಟೇ. ಮುಂದಿನ ಪುಟದಿಂದ ನನ್ನ ಕೈಬರಹ, ಕಾಲಮ್ಮು ಖಾಲಿ.
ದುಕ್ಮಿಗೆ ಹೋದ ಎಂದು ಫೋರ್ಮನ್, ಊರಿಗೆ ಎಂದು ಅಡುಗೆಯವ,
ವೀಸಾ, ಎಂದು ಇನ್ನೊಬ್ಬ, ಕೈ ಕೊಡವಿ.

ಗುಣಿಸಿದೆ. ನೂರಿಪ್ಪತ್ತೆಂಟು ಸುತ್ತಿಗೆ
ಒಂದು ವರ್ಷ, ಎರಡು ದಿನ, ಇಪ್ಪತ್ತಾರು ನಿಮಿಷ.
ಅಂದರೆ ಈ ರಾತ್ರಿ. ಹನ್ನೆರಡು ದಾಟಿ ಆರು ನಿಮಿಷ.

ಹೊರಗಿನ ಲೈಟು ಆರಿಸಿ ಅದೇ ಗೋಡೆಗೆ ಒರಗಿದೆ.
ಇರಾನಿನ ಕಡೆಯಿಂದ ಬಂದ ದೋಣಿಯಲ್ಲಿ ಆಡುಗಳು ಅರಚುತ್ತಿದ್ದವು.
ನೆತ್ತಿಗಿಂತ ಕೊಂಚ ಬಡಗಣಕ್ಕೆ ಪಾರ್ಥ,
ಅವನ ಕೈಯ ರುಂಡ ಸಾವಕಾಶ ಕಣ್ಣು ಮುಚ್ಚುತ್ತಿತ್ತು.
ಕಂಪ್ರೆಸರ್ ನಿಂತಾಗಲೆಲ್ಲ ಕಿವಿಯಲ್ಲಿ ಸಮುದ್ರ.

ಹಳೆಯ ಪುಟ ತಿರುವಿ, ಅವನ ಸಾಲಿಗೆ ತಾಗಿಸಿ
೨.೮ ಎಂದು ಬರೆದೆ.
ಒಂದು ಗಂಟೆಗೆ ೩.೩. ಒಂದೂವರೆಗೆ ೩.೪, ಇರಬಹುದು.
ಅಷ್ಟರಲ್ಲಿ ಹುಮೈದನ ಪಿಕಪ್ಪು, ಹೆಡ್‌ಲೈಟು ಮುಖಕ್ಕೆ,
ಕತ್ತಲೆಗೆ ಪಳಗಿದ್ದ ಕಣ್ಣು ಕೆಟ್ಟಿತು.
ನಲವತ್ತು ಗಡ್ಡೆ, ಅಂದ. ಎಣಿಸಿ ಕೊಟ್ಟೆ.
ಕಾಲು ಗಂಟೆ ಹೋಯಿತು.

ತಿರುಗಿ ನೋಡಿದರೆ
ಏರುತ್ತಿತ್ತೋ, ಇನ್ನೂ ಇಳಿಯುತ್ತಲೇ ಇತ್ತೋ,
ಅವನಿದ್ದಿದ್ದರೆ ಕೇಳಬಹುದಿತ್ತು.
ಆ ಚೌಕ ಖಾಲಿ ಬಿಟ್ಟಿದ್ದೇನೆ.