ಸರಾಸರಿ

ಬೆಳಗಿನ ಐದೂವರೆ. ಕಲಬುರಗಿಯ ಕ್ರೀಡಾಂಗಣದ ಗೇಟಿನಲ್ಲಿ
ನಾಲ್ಕು ಪಿನ್ನು ಚುಚ್ಚಿ ಎದೆಗೆ ನಂಬರು ಸಿಕ್ಕಿಸಿದರು: ೩೧೭.
ಹದಿನೆಂಟು ವರ್ಷ ಕರೆಂಟಿನ ಮೀಟರ್ ಓದಿದವ ನಾನು,
ಅಂಕಿ ಕಂಡರೆ ಹೆದರುವವನಲ್ಲ.

"ದಿನಾ ಹನ್ನೆರಡು ಕಿಲೋಮೀಟರ್ ನಡೀತೀನಿ,
ಓಡೂದೇನ್ ದೊಡ್ಡದು" ಅಂದಿದ್ದೆ ಮಶಾಕನಿಗೆ,
ಆಷಾಢದ ಒಂದು ಸಂಜೆ, ಚಹಾದಂಗಡಿಯಲ್ಲಿ.
ಅವನು ನಕ್ಕು ಒಂದು ನೋಟ್‌ಬುಕ್ ಕೊಟ್ಟ.
ತಾರೀಕು, ದೂರ, ಸಮಯ. ಗೆರೆ ಅವನೇ ಎಳೆದಿದ್ದ.

ಮೊದಲ ವಾರ ಓಡಿದೆ, ಖರೆ.
ಎರಡನೆಯ ವಾರ ಮಳೆ. ಆಮೇಲೆ ಅಕ್ಕನ ಮಗಳ ನಿಶ್ಚಯ,
ಪಂಚಮಿಯ ಉಂಡಿ,
ಆಮೇಲೆ ಕಾರಣವೂ ಬೇಕಾಗದ ನಿದ್ದೆ.
ಬೀಗ ಹಾಕಿದ ಮನೆ ಸಿಕ್ಕರೆ ಏನು ಮಾಡುತ್ತೇವೆ ನಾವು?
ಹಿಂದಿನ ಮೂರು ತಿಂಗಳದ್ದು ಕೂಡಿಸಿ, ಭಾಗಿಸಿ,
ಸರಾಸರಿ ಬರೆದು ಮುಂದಿನ ಓಣಿಗೆ ಹೋಗುತ್ತೇವೆ.
ನೋಟ್‌ಬುಕ್ಕಿನಲ್ಲೂ ಹಾಗೇ ಬರೆದೆ:
ಎಂಟು, ಎಂಟು, ಒಂಬತ್ತು, ಭಾನುವಾರಕ್ಕೆ ಹದಿನಾರು.
ಅಕ್ಷರ ಮುದ್ದಾಗಿದ್ದವು.
ಮಶಾಕ ಪುಟ ತಿರುವಿ "ಭೇಷ್ ಸೂಗಪ್ಪಣ್ಣ" ಅಂದ.

ಜಗತ್ ವೃತ್ತದವರೆಗೆ ನಾನೂ ಓಟಗಾರ.
ಶರಣಬಸವೇಶ್ವರ ಕೆರೆಯ ದಂಡೆಯಲ್ಲಿ ಬೆಳಕಾಯಿತು.
ಮಶಾಕನ ಹಸಿರು ಬನಿಯನ್ನು ದೂರದಲ್ಲೊಂದು ಚುಕ್ಕಿ,
ಆಮೇಲೆ ಚುಕ್ಕಿಯೂ ಇಲ್ಲ.
ಹದಿನೇಳಕ್ಕೆ ಎಡ ಮೊಣಕಾಲು
ಹೆಸರು ಹಿಡಿದು ಕರೆಯಿತು.
ಇಪ್ಪತ್ತಮೂರಕ್ಕೆ ಮೀನಖಂಡ ಗಂಟು ಬಿದ್ದು
ಕಪನೂರಿನ ಬೇಳೆ ಮಿಲ್ಲಿನ ಗೋಡೆ ಹಿಡಿದು ನಿಂತೆ.
ತೊಗರಿ ಹೊಟ್ಟಿನ ಧೂಳು ಬಿಸಿಲಿನಲ್ಲಿ ಹಳದಿಯಾಗಿ ತೇಲುತ್ತಿತ್ತು.
ಕೆಲಸಕ್ಕೆ ಹೊರಟ ಹೆಂಗಸರು, ಕಂಕುಳಲ್ಲಿ ಬುತ್ತಿಗಂಟು:
"ಯಾಕ್ರೀ ಅಣ್ಣಾ, ಬಸ್ ತಪ್ಪ್ಯಾದೇನ್ರೀ?"
"ಹೌದವ್ವಾ" ಅಂದೆ. ಇನ್ನೇನು ಹೇಳಲಿ.
ಒಬ್ಬಳು ಬಗ್ಗಿ ನನ್ನ ಬೂಟು ನೋಡಿದಳು.
ಆಷಾಢದಲ್ಲಿ ಕೊಂಡದ್ದು, ಹೊಸತನ ಇನ್ನೂ ಹೋಗಿರಲಿಲ್ಲ,
ಬೆರಳಿನ ಹತ್ತಿರ ಮಾತ್ರ ಕೆಂಪು ಒಸರಿತ್ತು.
"ಕುಂದರ್ರಿ" ಅಂದಳು.
ಕೂತರೆ ಏಳಲಾರೆ ಎಂದು ನನಗೆ ಗೊತ್ತಿತ್ತು.

ದೇಹದ ಕಚೇರಿಯಲ್ಲಿ ಸರಾಸರಿ ನಡೆಯುವುದಿಲ್ಲ.
ಓಡದ ಒಂದೊಂದು ಬೆಳಗನ್ನೂ ಅದು ಬೇರೆಬೇರೆ ಬರೆದಿಟ್ಟಿತ್ತು.
ರಿಂಗ್ ರೋಡಿನ ನಡುವೆ ನಿಲ್ಲಿಸಿ ಬಾಕಿ ಓದಿತು:
ಆಗಸ್ಟ್ ಒಂಬತ್ತು, ಹಾಸಿಗೆ.
ಆಗಸ್ಟ್ ಹತ್ತು, ಹಾಸಿಗೆ.
ಸೆಪ್ಟೆಂಬರ್, ಪೂರಾ.
ಮೇಲೆ ಬಡ್ಡಿ.

ಮೂವತ್ತೊಂದಕ್ಕೆ ಆಂಬುಲೆನ್ಸು ಪಕ್ಕದಲ್ಲಿ ನಿಧಾನವಾಯಿತು,
ಬಾಗಿಲು ತೆರೆಯಿತು. ಒಳಗೆ ಸಣ್ಣ ಫ್ಯಾನು ತಿರುಗುತ್ತಿತ್ತು.
"ಬರ್ರಿ, ಯಾರಿಗೂ ಹೇಳಂಗಿಲ್ಲ."
ಆ ಫ್ಯಾನನ್ನು ಬಹಳ ಹೊತ್ತು ನೋಡಿದೆ.
ಯಾಕೆ ಹತ್ತಲಿಲ್ಲವೋ. ಛಲ ಎನ್ನಲಾರೆ,
ಛಲ ಇದ್ದಿದ್ದರೆ ಸೆಪ್ಟೆಂಬರಿನಲ್ಲೇ ಎದ್ದಿರುತ್ತಿದ್ದೆ.
ಹತ್ತಿದ್ದರೆ, ಮುಗಿಸಿದೆ ಎಂದೇ ಬರೆದುಕೊಳ್ಳುತ್ತಿದ್ದೆ.
ನನಗೆ ನನ್ನ ಪರಿಚಯವಿದೆ.

ಕಂಬ ಎಣಿಸಿದೆ. ಅದೊಂದು ಬರುತ್ತದೆ ನನಗೆ.
ಈ ಕಂಬದಿಂದ ಆ ಟ್ರಾನ್ಸ್‌ಫಾರ್ಮರಿಗೆ,
ಅಲ್ಲಿಂದ ತಂತಿ ಜೋತ ಮೂಲೆಗೆ.
ಓಟವಲ್ಲ, ನಡಿಗೆಯೂ ಅಲ್ಲ,
ಒಂದು ಕಾಲು ಇನ್ನೊಂದನ್ನು ಎಳೆದು ತರುವ ಕೆಲಸ.
ನೀರಿನ ಟೇಬಲ್ಲು ಎತ್ತಿಬಿಟ್ಟಿದ್ದರು.
ಖಾಲಿ ಲೋಟ ಆರಿಸುತ್ತಿದ್ದ ಹುಡುಗ
ತನ್ನ ಬಾಟಲಿಯನ್ನೇ ಕೊಟ್ಟ, ಅರ್ಧ, ಬೆಚ್ಚಗೆ.

ಮುಟ್ಟಿದಾಗ ಗಾಳಿಯ ಕಮಾನು ಇಳಿಸುತ್ತಿದ್ದರು.
ಮಲಗಿದ ಎಮ್ಮೆಯಂತೆ ಅಡ್ಡ ಬಿದ್ದಿತ್ತು, ಇನ್ನೂ ಉಸಿರು ಬಿಡುತ್ತ.
ತುಳಿದು ದಾಟಿದೆ.
ಪದಕ ತೀರಿದ್ದವು. ಐದು ಕಿಲೋಮೀಟರಿನದೊಂದು ಉಳಿದಿತ್ತು,
ಕೊಟ್ಟರು. ಜೇಬಿಗೆ ಹಾಕಿದೆ.

ಮಶಾಕ ಮನೆಗೆ ಹೋಗಿ, ಮಿಂದು, ಇಸ್ತ್ರಿಯಂಗಿ ತೊಟ್ಟು
ಮತ್ತೆ ಬಂದು ಮೆಟ್ಟಿಲ ಮೇಲೆ ಕೂತಿದ್ದ.
ಏನೂ ಕೇಳಲಿಲ್ಲ. ಬಾಳೆಹಣ್ಣು ಸುಲಿದು ಕೊಟ್ಟ.
"ಆ ನೋಟ್‌ಬುಕ್ಕಿನಾಗಿಂದು ಸುಳ್ಳು" ಅಂದೆ.
"ಗೊತ್ತದ" ಅಂದ. "ಐತವಾರಕ್ಕೊಮ್ಮಿ ನಿಮ್ಮ ಮನಿ ಮುಂದಿಂದೇ ಓಡತಿದ್ದೆ.
ನಿಮ್ಮ ಬೂಟು ಬಾಗಿಲದಾಗ ಇರತಿದ್ದವು."

ಮನೆಯಲ್ಲಿ ಪೆನ್ನು ಹುಡುಕಿ ಬರೆದೆ:
ನಲವತ್ತೆರಡು. ಏಳು ಗಂಟೆ ಆರು ನಿಮಿಷ.
ಕೈ ನಡುಗುತ್ತಿತ್ತು.
ಇಡೀ ಪುಸ್ತಕದಲ್ಲಿ ಆ ಒಂದು ಸಾಲು
ಯಾರಿಗೂ ಓದಲು ಬರುವುದಿಲ್ಲ.