ನೀರಗಂಟಿಯ ನಿದ್ದೆ

ಮೊದಲನೆಯದು ಒಂಬತ್ತನೇ ದಿನಕ್ಕೆ ಸತ್ತಿತು
ಕಾಲುವೆಯ ತೂಬಿನ ಮೇಲೆ, ಟಿಫಿನ್ ಡಬ್ಬಿಯೊಳಗೆ,
ಸಂದಿಗೆಲ್ಲ ಎಂ-ಸೀಲ್ ಮೆತ್ತಿಸಿಕೊಂಡು.
ನೀರು ಬಂದದ್ದು ಹತ್ತನೇ ರಾತ್ರಿ.

ಸಾಯಬಣ್ಣ ಮಾವ ಬೈಯಲಿಲ್ಲ.
ಡಬ್ಬಿ ತಂದು ಅಂಗಡಿಯ ಗಾಜಿನ ಮೇಲಿಟ್ಟ.
"ನಿನ್ನ ಕೂಸು ಉಣ್ಣೂದು ಭಾಳ ಅದ, ಅಯ್ಯಮ್ಮ,"
ಅಂದು ಅರ್ಧ ಚಹಾ ಕುಡಿದು ಹೋದ.

ಶಹಾಪುರದ ಬಸ್ ಸ್ಟ್ಯಾಂಡಿನ ಎದುರು ನನ್ನ ಅಂಗಡಿ:
ಒಡೆದ ಡಿಸ್‌ಪ್ಲೇ, ಉಬ್ಬಿದ ಬ್ಯಾಟರಿ,
ಎಮ್ಮೆ ತುಳಿದ ಫೋನು.
ಆ ಸಂಜೆ ಶಟರ್ ಅರ್ಧ ಇಳಿಸಿ
ಮೀಟರಿನ ಕೆಂಪು ಕಡ್ಡಿ, ಕರಿ ಕಡ್ಡಿ ಹಚ್ಚಿ ಕೂತೆ.
ಮಲಗಿದಾಗ ಎಷ್ಟು ಕುಡಿಯುತ್ತೀ, ಹೇಳು.

ಏಳು, ಅಂತು ಮೀಟರು.
ಏಳು ಮಿಲಿಆಂಪ್.
ಮಲಗು ಮಲಗು ಅಂದರೂ
ಏಳು.

ಮೊದಲ ಕಳ್ಳ, ಸಾಸಿವೆಯಷ್ಟು ಕೆಂಪು ದೀಪ.
ಹಗಲೂ ರಾತ್ರಿ ಮುಚ್ಚಿದ ಡಬ್ಬಿಯಲ್ಲಿ
ಇದ್ದೀನಿ ಇದ್ದೀನಿ ಅನ್ನುತ್ತ;
ಯಾರಿಗೆ? ಇರುವೆಗೆ?
ಆಮೇಲೆ ಮೂರು ಕಾಲಿನ ರೆಗ್ಯುಲೇಟರ್,
ಯಾದಗಿರಿ ಗಂಜಿನ ದಲ್ಲಾಳಿಯ ಹಾಗೆ
ಒಂದು ಚೀಲ ಮಾರಾಟ ಆಗದ ದಿನವೂ
ಅಡತಿ ಹಿಡಿಯುವವ.
ಇನ್ನೊಂದು ಚಿಪ್ಪು, ವಯರೇ ಇಲ್ಲದ ಬಾಗಿಲಲ್ಲಿ
ಯಾರೋ ಕಂಪ್ಯೂಟರ್ ಬರುತ್ತಾನೆಂದು ಕಾಯುತ್ತಿತ್ತು, ಪಾಪ.

ಬ್ಲೇಡಿನ ಮೂಲೆ. ಬಿಗಿಹಿಡಿದ ಉಸಿರು.
ದೀಪ ಟಕ್ಕನೆ ಹಾರಿ ಎಲ್ಲೋ ಬಿತ್ತು, ಹುಡುಕಲಿಲ್ಲ.
ದಲ್ಲಾಳಿಯನ್ನೂ ಕಿತ್ತೆ. ಕಾಯುವವನನ್ನೂ.
ಮೂರು ಪಾಯಿಂಟ್ ಎರಡು ವೋಲ್ಟಿನ ಹೊಸ ಸೆಲ್ಲು ತಂದು
ನಡುವೆ ಯಾರನ್ನೂ ಇಡದೆ
ನೇರ ಬೆಸೆದೆ.

ಹನ್ನೆರಡು.
ಮಿಲಿ ಅಲ್ಲ. ಮೈಕ್ರೋ.
ಮೀಟರು ಕೆಟ್ಟಿತೇನೋ ಎಂದು ಎರಡು ಸಲ ತಟ್ಟಿ ನೋಡಿದೆ.

ಆದರೂ ಎದ್ದಾಗಲೆಲ್ಲ ನಾಲ್ಕು ಸೆಕೆಂಡು ಹಾಳು:
ನೀ ಯಾರು, ನಾ ಯಾರು, ಯಾವೂರು,
ಗುರುತು ಏನು, ಒಳಗೆ ಬರಲೇ.
ಬೀಗರ ಮನೆಯ ಉಪಚಾರ.

ಇದಕ್ಕೆ ಮದ್ದು ಮಾವನ ಹತ್ತಿರ ಇತ್ತು, ಅವನಿಗೇ ಗೊತ್ತಿಲ್ಲದೆ.
ಖಾಜಾಬಿಯ ಗಿರಣಿಯ ಮುಂದೆ ಅವನ ಸೈಕಲ್ಲು ನಿಲ್ಲುವುದಿಲ್ಲ.
"ನೀರು ಬಂತವ್ವಾ" ಅನ್ನುತ್ತಾನೆ, ದಾಟುತ್ತಾನೆ.
ಕೇಳಿಸಿದರೆ ಕೇಳಿಸಿತು.
ನಲವತ್ತು ವರ್ಷ ಕಾಲುವೆಯ ದಂಡೆಗುಂಟ
ಟಾರ್ಚು ಆರಿಸಿಕೊಂಡೇ ನಡೆದವ;
ತೂಬಿನ ಹತ್ತಿರ ಒಂದೇ ಸಲ ಒತ್ತಿ, ಅಳತೆಪಟ್ಟಿ ನೋಡಿ,
ಮತ್ತೆ ಕತ್ತಲು.
ಸೋತ ಸೆಲ್ಲುಗಳನ್ನು ಮಾಳಿಗೆಯ ಮೇಲೆ ಬಿಸಿಲಿಗಿಟ್ಟು
ಇನ್ನೆರಡು ರಾತ್ರಿ ಹಿಂಡಿಕೊಳ್ಳುವವ.

ಗಿರಣಿಯ ಗೋಡೆಯಲ್ಲಿ ಕರೆಂಟು ಇದೆ,
ಕೇಳುವ ಪೆಟ್ಟಿಗೆ ಅಲ್ಲಿ, ಎಂದೂ ಮಲಗದೆ.
ತೂಬಿನದು ಹದಿನೈದು ನಿಮಿಷಕ್ಕೊಮ್ಮೆ ಏಳಲಿ,
ತೇಲುಬುಂಡೆ ಮುಟ್ಟಲಿ,
ಒಂದೇ ಮಾತು ಒಗೆದು ಬೀಳಲಿ ನಿದ್ದೆಗೆ.
ಒಂದು ಸೆಕೆಂಡೂ ಪೂರ್ತಿ ಇಲ್ಲ.

ಎರಡನೆಯದನ್ನು ಮಾವ ತಿರುಗಿಸಿ ಮುರುಗಿಸಿ ನೋಡಿದ.
"ದೀಪ ಎಲ್ಲದ?"
"ಕಿತ್ತೀನಿ."
"ಮತ್ತ ಜೀವ ಅದ ಅಂತ ಹ್ಯಾಂಗ ತಿಳೀಬೇಕು?"

ಅದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ.
ರಾತ್ರಿ ಕೂತು ಇನ್ನೊಂದು ಸಾಲು ಬರೆದೆ:
ನೀರಿರಲಿ ಬಿಡಲಿ, ಬೆಳಗಿನ ಆರಕ್ಕೆ
ತನ್ನ ವೋಲ್ಟೇಜು ತಾನೇ ಹೇಳಲಿ.

ಈಗ ದಿನಾ ಆರಕ್ಕೆ ಖಾಜಾಬಿ ಹಿಟ್ಟಿನ ಕೈಯಲ್ಲೇ
ರಸ್ತೆಗೆ ಬಂದು ಕೂಗುತ್ತಾಳೆ,
"ಸಾಯಬಣ್ಣಾ, ಮೂರು ಇಪ್ಪತ್ತೆಂಟು!"
ಓಸಿ ನಂಬರು ಎಂದುಕೊಂಡು
ಯಾರೋ ನೂರು ರೂಪಾಯಿ ಹಚ್ಚಿ ಸೋತರಂತೆ.

ದೀಪಾವಳಿ ಹೋಯಿತು, ಸಂಕ್ರಾಂತಿ ಹೋಯಿತು.
ಮೂರು ಇಪ್ಪತ್ತೆಂಟು. ಮೂರು ಇಪ್ಪತ್ತೇಳು.

ಮಾವ ಮಾತ್ರ ಎರಡು ಗಂಟೆಗೆ ಎದ್ದೇ ಏಳುತ್ತಾನೆ.
ಹೋಗುವುದಿಲ್ಲ, ಹೊರಸಿನ ಮೇಲೆ ಕೂರುತ್ತಾನೆ, ಅಷ್ಟೇ.
ಎದುರಿಗೆ ಬೆಟ್ಟ, ಅಂಗಾತ,
ಹಣೆ, ಮೂಗು, ಎದೆ,
ಊರೆಲ್ಲ ಮಲಗಿದ ಬುದ್ಧ ಅನ್ನುವ ಕಲ್ಲುಗಳು.
ನಿನ್ನೆ ನಾನೂ ಎಚ್ಚರಿದ್ದೆ.
"ಅಂವನೂ ನಡುನಡುವ ಕಣ್ ತಗದು ನೋಡ್ತಿರಬೇಕು," ಅಂದ.
"ಯಾರ್ ನೋಡ್ಯಾರ?"
ಮಗ್ಗುಲಾಗಿ ಚಾದರ ಎಳೆದುಕೊಂಡ.