ಹತ್ತು ಸಂತೆಗೊಮ್ಮೆ

ನಂಬರು ಪ್ಲೇಟಿನಲ್ಲಿ ಇನ್ನೂ ಕೋಲಾರವೇ.
ಜಿಲ್ಲೆ ಒಡೆದು ಚಿಕ್ಕಬಳ್ಳಾಪುರ ಬೇರೆಯಾದ ಸುದ್ದಿ
ಈ ಜೀಪಿಗೆ ಯಾರೂ ಹೇಳಿಲ್ಲ.
ಕಲ್ಲು ಕ್ವಾರಿಯವನ ಹತ್ತಿರ ಕೊಂಡದ್ದು,
ತೊಂಬತ್ತಾರರ ಮಾಡೆಲ್ಲು, ನಾಲ್ಕೂ ಚಕ್ರ ಎಳೆಯುತ್ತದೆ,
ಬಾಗಿಲು ಮಾತ್ರ ಹೊರಗೆ ಕೈ ಚಾಚಿ ತೆಗೆಯಬೇಕು.
ಗುಡಿಬಂಡೆಯ ಸುತ್ತ ನನ್ನ ಹಳ್ಳಿಗಳಿಗೆ
ದಾರಿ ಎಂದರೆ ಬಂಡೆ, ಬಂಡೆ ಮುಗಿದರೆ ಹಳ್ಳ.
ಹಸು ಈಯಲು ಕಷ್ಟಪಡುವುದು ಯಾವಾಗಲೂ ಅಲ್ಲೇ,
ಡಾಂಬರು ಮುಗಿದ ಮೇಲೆ.

ಆಷಾಢದಲ್ಲಿ ಟಪ್ಪೆಟ್ಟು ಮಾತಾಡತೊಡಗಿತು,
ಟಕ ಟಕ, ಸಿಟ್ಟಿನಲ್ಲಿ ಪಾತ್ರೆ ಜೋಡಿಸುವ ಸದ್ದು.
ಹೊಗೆ ಕಪ್ಪಗೆ. ಏರಿನಲ್ಲಿ ಎರಡನೇ ಗೇರೇ ಗತಿ.
ಬಾಗೇಪಲ್ಲಿ ರಸ್ತೆಯ ಬಿಡಿಭಾಗದ ಅಂಗಡಿಯಲ್ಲಿ
ಒಂದು ಬಾಟಲಿ ತೋರಿಸಿದರು, ಚಿನ್ನದ ಬಣ್ಣದ ಮುಚ್ಚಳ.
ಆಯಿಲಿಗೆ ಸುರಿದರೆ ಎಂಜಿನ್ನಿಗೆ ಹೊಸ ಪ್ರಾಯವಂತೆ.
ಆರುನೂರೈವತ್ತು.
ಎರಡು ಹಿಡಿದು ಬಂದೆ.

ಸುರಿದೆ. ನಿಜ ಹೇಳಬೇಕು, ಸದ್ದು ಅಡಗಿತು.
ಎಂಟು ದಿನ ಜೀಪು ಹೊಸ ಅಳಿಯನ ಹಾಗೆ
ಮೆಲ್ಲಗೆ ಮಾತಾಡಿತು.
ಒಂಬತ್ತನೆಯ ದಿನ ಗಂಗಾನಮಿಟ್ಟೆಯ ಏರಿನಲ್ಲಿ
ಹಬೆ ಉಗುಳಿ ನಿಂತಿತು.
ಅತ್ತ ಕರುವೊಂದು ಕಾಲು ಮಾತ್ರ ಹೊರಗೆ ಹಾಕಿ ಕಾಯುತ್ತಿತ್ತು.
ಉಳಿದ ದಾರಿ ಗಂಗುಲಪ್ಪನ ಟಿವಿಎಸ್ಸಿನ ಹಿಂದೆ,
ಔಷಧಿ ಪೆಟ್ಟಿಗೆ ತೊಡೆಯ ಮೇಲೆ.
ಕರು ಬದುಕಿತು. ಅದು ಬೇರೆ ಕಥೆ.

ಇನಾಯತ್ ಮೇಸ್ತ್ರಿ ಬಾನೆಟ್ಟು ಎತ್ತಿ ಏನೂ ಅನ್ನಲಿಲ್ಲ.
ಏರ್ ಕ್ಲೀನರಿನ ಬಟ್ಟಲು ಬಿಚ್ಚಿ ನನ್ನ ಕೈಗೆ ಕೊಟ್ಟ.
ಎಣ್ಣೆ ಇರಬೇಕಾದಲ್ಲಿ ಕ್ವಾರಿಯ ದೂಳು,
ಮುದ್ದೆಗೆ ತಿರುವಿದಷ್ಟು ಗಟ್ಟಿ.
ರೇಡಿಯೇಟರಿನೊಳಗೆ ಬೋರ್‌ವೆಲ್ ನೀರಿನ ಉಪ್ಪು,
ನಮ್ಮ ಬಚ್ಚಲ ಹಂಡೆಯಲ್ಲಿ ಕಟ್ಟಿದ್ದೇ ಬಿಳಿ ಚಕ್ಕೆ.
ಫ್ಯಾನ್ ಬೆಲ್ಟು, ಹಳೇ ಲಾಡಿ.
ಆಯಿಲು ಕಡ್ಡಿ ಎಳೆದು, ಬೆರಳಲ್ಲಿ ತಿಕ್ಕಿ, ಮೂಸಿ,
"ಇದು ಬದಲಾಗಿ ಎಷ್ಟು ದಿನ ಮೇಡಂ?"
ನಾನು ಬಾಟಲಿಯ ಹೆಸರು ಹೇಳಿದೆ.
"ಸಂತೆಯಲ್ಲಿ ಕುಂಟೆತ್ತಿಗೆ ಸೂಜಿ ಹಾಕಿ ಮಾರ್ತಾರಲ್ಲ,
ನೀವೇ ಹಿಡಿದು ಬೈದಿರಿ ಒಂದ್ಸಲ, ನಾನಿದ್ದೆ ಅಲ್ಲಿ.
ಸದ್ದು ನಿಂತದ್ದಕ್ಕೂ ನೋವು ಹೋದದ್ದಕ್ಕೂ..."
ಮಾತು ಅಲ್ಲೇ ಬಿಟ್ಟು ಸ್ಪ್ಯಾನರಿಗೆ ಕೈ ಚಾಚಿದ.

ನಾಚಿಕೆಯಾಯಿತು.
ಹಾಲು ಕಡಿಮೆಯೆಂದು ಟಾನಿಕ್ಕು ಕೇಳಿ ಬಂದವರಿಗೆ
ದಿನಕ್ಕೆ ಹತ್ತು ಸಲ ನಾನೇ ಹೇಳುತ್ತೇನೆ:
ಮೊದಲು ಹುಳದ ಮಾತ್ರೆ, ಹೊಟ್ಟೆ ತುಂಬ ನೀರು,
ಕೊಟ್ಟಿಗೆಯ ನೆಲ ಒಣಗಿರಲಿ, ಗೊರಸು ನೋಡು.
ಅವರ ಮುಖದಲ್ಲಿ ಆಗ ಇಳಿಯುವ ನಿರಾಸೆ
ಇದೇ ಇರಬೇಕು:
ಇಷ್ಟೇನಾ? ಬಾಟಲಿ ಏನೂ ಇಲ್ಲವಾ?

ಟಪ್ಪೆಟ್ಟಿನ ಸಂದಿಗೆ ತೆಳು ತಗಡು ತೂರಿಸಿ ಅಳೆದ.
ಕೆಳಗೆ ಮಲಗಿ ಕೀಲು ಕೀಲಿಗೆ ಗ್ರೀಸು ಕುಡಿಸಿದ,
ಹಳೆಯದು ಕಪ್ಪಗೆ ಹೊರಬಂದು ಹೊಸದು ಕಾಣುವ ತನಕ.
ಕಿಲೋಮೀಟರಿನ ಮುಳ್ಳು ಕ್ವಾರಿಯಲ್ಲೇ ಸತ್ತದ್ದರಿಂದ
ಲೆಕ್ಕ ವಾರಕ್ಕೆ ಇಳಿಯಿತು:
ಸಂತೆಗೊಮ್ಮೆ ದೂಳಿನ ಬಟ್ಟಲು,
ಹತ್ತು ಸಂತೆಗೊಮ್ಮೆ ಆಯಿಲು.
ಆಸ್ಪತ್ರೆಯ ದಾಖಲೆ ಪುಸ್ತಕದ ಕೊನೇ ಹಾಳೆಯಲ್ಲಿ ಬರೆದುಕೊಂಡೆ.
ರೋಗಿ, ಜೀಪು. ವಯಸ್ಸು, ಹಲ್ಲು ನೋಡಿ ಹೇಳುವಂತಿಲ್ಲ.
ಯಜಮಾನರು, ನಾನು.

ಟಕ ಟಕ ಪೂರ್ತಿ ಹೋಗಿಲ್ಲ,
ಬೆಳಗಿನ ಚಳಿಗೆ ಸ್ವಲ್ಪ ಇದೆ.
ವಯಸ್ಸಾದ ಮಂಡಿ, ಎಂದ ಮೇಸ್ತ್ರಿ,
ಮಾತಾಡಲಿ ಬಿಡಿ, ಹೆಚ್ಚಾದರೆ ನಮಗೆ ಗೊತ್ತಾಗ್ತದೆ.

ಎರಡನೆಯ ಬಾಟಲಿ ಸೀಟಿನ ಕೆಳಗೇ ಇದೆ,
ಚಿನ್ನದ ಮುಚ್ಚಳ ಒಡೆದಿಲ್ಲ.
ಹಳ್ಳ ಇಳಿವಾಗ ಉರುಳಿ ಬಂದು ಕಾಲಿಗೆ ತಾಗುತ್ತದೆ.
ಎಸೆಯಬೇಕು.
ಆರುನೂರೈವತ್ತು ರೂಪಾಯಿ.